ಉಪ್ಪುನೀರು ಮಳೆನೀರಲ್ಲ

ಕಡಲ ಸಂಶೋಧನೆಗೆ ಕಟ್ಟಡ ಬೇಕು ಅಂತ ವಿಶ್ವವಿದ್ಯಾಲಯದವರು ಘಟ್ಟ ಹತ್ತಿ ಶಿವಮೊಗ್ಗದ ನಮ್ಮ ಆಫೀಸಿಗೆ ಬಂದಾಗಲೆಲ್ಲ ಅದೇ ಮಾತು. "ಒಳ್ಳೆ ವಾಟರ್‌ಪ್ರೂಫಿಂಗ್ ಮಾಡಿಸಿದ್ರೆ ಸಾಕಲ್ವಾ ಸಾರ್?" ಸಾಲದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬಿದ್ದರೂ ಕಟ್ಟಡಗಳು ನಿಂತಿವೆ, ನಿಜ. ಆದರೆ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ.

ಬಿಡಿಸಿ ಹೇಳುತ್ತೇನೆ. ಒಳ್ಳೆಯ ಕಾಂಕ್ರೀಟಿನೊಳಗೆ ಕಂಬಿಗೆ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರದಿಂದ ಕಂಬಿಯ ಮೇಲೆ ತೆಳ್ಳನೆಯ ಪದರವೊಂದು ಕಟ್ಟಿಕೊಂಡು ಅದನ್ನು ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಮೆಲ್ಲಗೆ ಒಳಗಿಳಿದು ಆ ಪದರವನ್ನೇ ಮುರಿಯುತ್ತದೆ. ಆಮೇಲೆ ತುಕ್ಕು ಉಬ್ಬಿ, ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತದೆ. ಅದಕ್ಕೇ ಕಂಬಿಯ ಹೊರಗಿನ ಕಾಂಕ್ರೀಟು, ಅಂದರೆ ಕವರ್, ಎಷ್ಟು ದಪ್ಪ ಅನ್ನುವುದು ಮುಖ್ಯ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456ರಲ್ಲಿ ಸೌಮ್ಯ ವಾತಾವರಣಕ್ಕೆ 20 ಮಿ.ಮೀ. ಇದ್ದರೆ, ಕಡಲ ನೀರಿನ ತುಂತುರು ಬೀಳುವಲ್ಲಿ 50. ಹೆಚ್ಚುಕಮ್ಮಿ ಮೂರು ಬೆರಳಗಲ. ಕಾಂಕ್ರೀಟಿನ ಗಟ್ಟಿತನದ ದರ್ಜೆಯೂ ಕನಿಷ್ಠ ಎಂ35 ಇರಬೇಕು. ನಿಮ್ಮ ಜಾಗಕ್ಕೆ ಯಾವುದು ಸರಿ ಅನ್ನುವುದನ್ನು ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರೇ ನೋಡಿ ಹೇಳಬೇಕು.

"ಸೈಟು ಕಡಲಿಂದ ದೂರ ಇದೆಯಲ್ಲ" ಅನ್ನುತ್ತಾರೆ. ಎಷ್ಟು ದೂರ ಇದ್ದರೇನು, ಪೈಪು ಹಾಕಿ ಕಡಲನ್ನೇ ಒಳಗೆ ತರುತ್ತಿದ್ದೀರಲ್ಲ! ನೀರು ಚೆಲ್ಲುತ್ತದೆ, ಒಣಗುತ್ತದೆ, ಉಪ್ಪು ಉಳಿಯುತ್ತದೆ, ಮತ್ತೆ ಚೆಲ್ಲುತ್ತದೆ. ಸದಾ ಮುಳುಗಿರುವ ಕಾಂಕ್ರೀಟಿಗಿಂತ ಹೀಗೆ ನೆನೆದು ಒಣಗುವುದಕ್ಕೇ ಕಾಟ ಜಾಸ್ತಿ.

ಕರಾವಳಿಯ ಒಂದು ಹಳೆಯ ಲ್ಯಾಬಿಗೆ ಹೋಗಿದ್ದೆ. ಮೀನಿನ ತೊಟ್ಟಿಗಳಿದ್ದ ಕೋಣೆಯ ಕೆಳಗೆ ನಿಂತು ನೋಡಿದರೆ ಸ್ಲ್ಯಾಬಿನಡಿ ಕಂದು ಗೆರೆಗಳು, ಕಂಬಿ ಹೋದಲ್ಲೆಲ್ಲ ಒಂದೊಂದು. ಹೆಬ್ಬೆರಳಲ್ಲಿ ಒತ್ತಿದೆ. ಹಪ್ಪಳದ ಹಾಗೆ ಒಂದು ಚಕ್ಕೆ ಕೈಗೇ ಬಂತು. ಕವರ್ ಅಳೆದರೆ 15 ಮಿ.ಮೀ. ಕೂಡ ಇಲ್ಲ. ಕವರ್ ಸರಿಯಾಗಿ ಸಿಗಲಿ ಅಂತ ಕಂಬಿಯಡಿ ಇಡುವ ಅಳತೆಯ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಅದರ ಬದಲು ಜಲ್ಲಿಕಲ್ಲು ಇಟ್ಟಿದ್ದರು. ಹೊಟ್ಟೆ ಉರಿಯಿತು.

ನೀರು ಎಲ್ಲೆಲ್ಲಿ ಚೆಲ್ಲುತ್ತದೆ ಅಂತ ಪ್ರೊಫೆಸರನ್ನು ಕೇಳಿದೆ, ಅವರು ನಕ್ಷೆ ಬಿಡಿಸಿದರು. ಬಕೆಟ್ ಹೊತ್ತು ದಿನವಿಡೀ ಓಡಾಡುವ ಅಟೆಂಡರಣ್ಣ ಮಾತೇ ಆಡಲಿಲ್ಲ. ಸೀಮೆಸುಣ್ಣ ತಂದು, ತೊಟ್ಟಿಯ ಬುಡದಿಂದ ಬಾಗಿಲು ದಾಟಿ ಮೆಟ್ಟಿಲಿನ ಮೂರನೇ ಹೆಜ್ಜೆಯವರೆಗೆ ಗೆರೆ ಎಳೆದರು. ಹೊಸ ಕಟ್ಟಡದಲ್ಲಿ ಆ ಗೆರೆಯುದ್ದಕ್ಕೂ 50 ಮಿ.ಮೀ. ಕವರ್ ಕೊಟ್ಟೆ, ಮೆಟ್ಟಿಲಿಗೂ.