ಇಂಟರ್‌ಫೇಸನ್ನು ವಿಆರ್‌ಎಫ್‌ಗೆ ಸೇರಿಸಿದೊಡನೆ ಐಪಿ ವಿಳಾಸ ಅಳಿಸಿಹೋಗುವುದೇಕೆ?

ಪ್ರಶ್ನೆ: ಶಿರಸಿಯ ನಮ್ಮ ಅಡಿಕೆ ಮಂಡಿಯಲ್ಲಿ ಲೆಕ್ಕಪತ್ರದ ಕಂಪ್ಯೂಟರ್‌ಗಳಿಗೂ ಬಂದುಹೋಗುವವರ ವೈಫೈಗೂ ಇರುವುದು ಒಂದೇ ಸಿಸ್ಕೊ ರೌಟರ್. ಎರಡನ್ನೂ ಬೇರ್ಪಡಿಸಲೆಂದು ವೈಫೈ ಕಡೆಯ ಇಂಟರ್‌ಫೇಸನ್ನು (ರೌಟರ್‌ಗೆ ಜಾಲ ಬಂದು ಕೂಡುವ ಕಿಂಡಿಯನ್ನು) ಹೊಸ ವಿಆರ್‌ಎಫ್‌ಗೆ ಸೇರಿಸಿದೆ; ಕೂಡಲೇ ಅದರ ಐಪಿ ವಿಳಾಸ ಅಳಿಸಿಹೋಯಿತು. ಎಲ್ಲಿ ತಪ್ಪಿದೆ?

ಉತ್ತರ: ತಾವು ತಪ್ಪಿಲ್ಲ. ವಿಆರ್‌ಎಫ್ ಎಂದರೆ ಒಂದೇ ರೌಟರ್‌ನೊಳಗಿನ ಪ್ರತ್ಯೇಕ ರೌಟಿಂಗ್ ಟೇಬಲ್, ಅಂದರೆ ಯಾವ ಜಾಲಕ್ಕೆ ಯಾವ ದಾರಿ ಎಂಬ ಪಟ್ಟಿ. ಇಂಟರ್‌ಫೇಸಿಗೆ 192.168.1.1/24 ಎಂಬ ವಿಳಾಸ ಕೊಟ್ಟಾಗ, 192.168.1.0/24 ಜಾಲ ಈ ಇಂಟರ್‌ಫೇಸಿನ ಆಚೆಗೇ ಇದೆ ಎಂಬ ದಾಖಲೆ ಆಗ ಅದು ಸೇರಿದ್ದ ಟೇಬಲ್ಲಿನಲ್ಲಿ ಬೀಳುತ್ತದೆ. ಇಂಟರ್‌ಫೇಸ್ ಬೇರೆ ಟೇಬಲ್ಲಿಗೆ ಹೋದರೆ ಆ ದಾಖಲೆಗೆ ಆಧಾರವಿಲ್ಲ. ಹೊಸ ಟೇಬಲ್ಲಿನಲ್ಲಿ ಅದೇ ವಿಳಾಸ ಮತ್ತೊಂದು ಇಂಟರ್‌ಫೇಸಿಗೆ ಮೊದಲೇ ಇದ್ದಿರಲೂಬಹುದು. ಆದ್ದರಿಂದ ರೌಟರ್ ನಡೆಸುವ ತಂತ್ರಾಂಶವಾದ ಸಿಸ್ಕೊ ಐಒಎಸ್ ಹಳೆಯ ವಿಳಾಸವನ್ನು ಅಳಿಸಿ, ಅಳಿಸಿದ್ದೇನೆಂದು ಪರದೆಯ ಮೇಲೆ ತಿಳಿಸುತ್ತದೆ. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ವಿಆರ್‌ಎಫ್‌ನಂತೆಯೇ ಇರುವ ಆರ್‌ಡೊಮೇನ್ ಕೂಡ ಹೀಗೆಯೇ. 4.3ನೆಯ ಆವೃತ್ತಿಯಿಂದ ವಿಆರ್‌ಎಫ್ ಬಂದ ಲಿನಕ್ಸಿನಲ್ಲಿ ಮಾತ್ರ ಐಪಿವಿ4 ವಿಳಾಸ ಉಳಿದು, ದಾಖಲೆಯಷ್ಟೇ ಹೊಸ ಟೇಬಲ್ಲಿಗೆ ಹೋಗುತ್ತದೆ.

ಆದ್ದರಿಂದ ಮೊದಲು ವಿಆರ್‌ಎಫ್, ಆಮೇಲೆ ವಿಳಾಸ. ದೂರದಿಂದ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ: ಒಮ್ಮೆ ಕಾರವಾರದಲ್ಲಿ ಕುಳಿತು ಶಿರಸಿಯ ರೌಟರ್ ಒಂದರಲ್ಲಿ, ನಾನು ಯಾವ ಇಂಟರ್‌ಫೇಸಿನ ಮೂಲಕ ಒಳಹೊಕ್ಕಿದ್ದೆನೋ ಅದನ್ನೇ ವಿಆರ್‌ಎಫ್‌ಗೆ ಸೇರಿಸಿ, ಎರಡನೆಯ ಸಾಲು ಟೈಪ್ ಮಾಡುವ ಮೊದಲೇ ಸಂಪರ್ಕ ಕಡಿದುಕೊಂಡು, ಒಂದು ಸಾಲಿನ ವಿಳಾಸಕ್ಕಾಗಿ ದೇವಿಮನೆ ಘಟ್ಟ ಹತ್ತಿದ್ದೇನೆ. ಈಗ ಮೊದಲೇ ‘ರೀಲೋಡ್ ಇನ್ 10’ ಎಂದು ಕೊಟ್ಟಿರುತ್ತೇನೆ. ಸಂಪರ್ಕ ಕಡಿದರೂ ಹತ್ತು ನಿಮಿಷದಲ್ಲಿ ರೌಟರ್ ಮರಳಿ ಚಾಲೂ ಆಗಿ, ಉಳಿಸಿಟ್ಟಿದ್ದ ಹಳೆಯ ಸಂರಚನೆಗೇ ಬರುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಕೊಡಲು ಮರೆಯಬಾರದು.

ವಿಳಾಸ ಮರಳಿ ಕೊಟ್ಟ ಮೇಲೂ ವೈಫೈಗೆ ಇಂಟರ್‌ನೆಟ್ ಬರದಿದ್ದರೆ ಗಾಬರಿ ಬೇಡ. ತಮ್ಮ ಇಂಟರ್‌ನೆಟ್ ಸಂಪರ್ಕದ ಇಂಟರ್‌ಫೇಸ್ ಇನ್ನೂ ಮೂಲ ಟೇಬಲ್ಲಿನಲ್ಲಿಯೇ ಇದೆ, ಹೊಸ ಟೇಬಲ್ಲಿಗೆ ಹೊರದಾರಿ ಗೊತ್ತಿಲ್ಲ. ಆ ವಿಆರ್‌ಎಫ್‌ನ ಹೆಸರಿನಲ್ಲಿಯೇ ಒಂದು ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದೆಲ್ಲ ಹೋಗುವ ದಾರಿ) ಬರೆದು, ಕೊನೆಯಲ್ಲಿ ‘ಗ್ಲೋಬಲ್’ ಎಂಬ ಪದ ಸೇರಿಸಬೇಕು, ಮುಂದಿನ ದಾರಿ ಮೂಲ ಟೇಬಲ್ಲಿನಲ್ಲಿದೆ ಎಂದು ಅದರರ್ಥ; ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ನ್ಯಾಟ್ ಸಾಲಿನಲ್ಲಿಯೂ, ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಪೂಲ್‌ನಲ್ಲಿಯೂ ವಿಆರ್‌ಎಫ್‌ನ ಹೆಸರು ಬರಬೇಕು. ಸಂಪರ್ಕ ಇದೆಯೇ ಎಂದು ಪಿಂಗ್ ಆಜ್ಞೆಯಿಂದ ಪರೀಕ್ಷಿಸುವಾಗಲೂ ‘ಪಿಂಗ್ ವಿಆರ್‌ಎಫ್’ ಎಂದು ಹೆಸರು ಹಿಡಿದೇ ಕೇಳಬೇಕು, ಬರೀ ಪಿಂಗ್ ನೋಡುವುದು ಮೂಲ ಟೇಬಲ್ಲನ್ನು ಮಾತ್ರ.