ದಾನಿ ಯಂತ್ರ ಕೊಟ್ಟ ಮೇಲೂ ಲ್ಯಾಬ್ ಶುಲ್ಕ ಯಾಕೆ?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ವಿಭಾಗಕ್ಕೆ ಹಳೆಯ ವಿದ್ಯಾರ್ಥಿಯೊಬ್ಬರು ದೊಡ್ಡ ಮೊತ್ತ ಕೊಟ್ಟರು. ಲೇಸರ್ ಕಟರ್, ತ್ರೀಡಿ ಪ್ರಿಂಟರ್ ಎಲ್ಲ ಬಂದವು. ಆದರೂ ಲ್ಯಾಬ್ ಶುಲ್ಕ ಕಟ್ಟಿ ಅಂತಾರೆ. ದಾನದ ಹಣ ಎಲ್ಲಿ ಹೋಯಿತು?

ಉತ್ತರ: ಬಹುಶಃ ಎಲ್ಲೂ ಹೋಗಿಲ್ಲ, ಆ ಯಂತ್ರಗಳಲ್ಲೇ ಇದೆ. ತೊಂದರೆ ಇರುವುದೂ ಅಲ್ಲೇ.

ಕಟ್ಟಡ, ಯಂತ್ರದಂಥ ಒಂದೇ ಸಲದ ಖರ್ಚಿಗೆ ಬರುವ ಹಣದ ಲೆಕ್ಕವೇ ಬೇರೆ, ಸಂಬಳ, ಕರೆಂಟು, ರಿಪೇರಿಗೆ ಬೇಕಾದ ವರ್ಷವರ್ಷದ ಹಣದ ಲೆಕ್ಕವೇ ಬೇರೆ. ದಾನಿ 'ಯಂತ್ರ ಕೊಳ್ಳಲು' ಎಂದು ಬರೆದುಕೊಟ್ಟಿದ್ದರೆ, ಅದರಿಂದ ಸಾಮಾನ್ಯವಾಗಿ ಟೆಕ್ನಿಷಿಯನ್‌ಗೆ ಸಂಬಳ ಕೊಡುವಂತಿಲ್ಲ.

ಲೇಸರ್ ಕಟರ್ ಒಂದನ್ನೇ ನೋಡಿ. ಅದರ ಕನ್ನಡಿ, ಲೆನ್ಸ್ ಆಗಾಗ ಒರೆಸಬೇಕು. ಲೇಸರ್ ಕಿರಣ ಹುಟ್ಟಿಸುವ ಟ್ಯೂಬ್ ಸವೆಯುತ್ತದೆ, ಬದಲಿಸಬೇಕು. ಹೊಗೆ ಹೊರಹಾಕುವ ವ್ಯವಸ್ಥೆ ಬೇಕು, ಅದರ ಫಿಲ್ಟರ್‌ಗೂ ಖರ್ಚಿದೆ. ಅಕ್ರಿಲಿಕ್, ರಟ್ಟು ಕತ್ತರಿಸುವಾಗ ಬೆಂಕಿ ಹತ್ತಬಹುದು, ಹಾಗಾಗಿ ಯಂತ್ರ ಓಡುವಾಗ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಪಿವಿಸಿ ಶೀಟ್ ಇಟ್ಟರಂತೂ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರಕ್ಕೂ ತುಕ್ಕು ಹಿಡಿಸುತ್ತದೆ. 'ಇದನ್ನ ಇಲ್ಲಿ ಕತ್ತರಿಸಬೇಡಪ್ಪ' ಅನ್ನೋಕೆ ಒಬ್ಬರು ಬೇಕು ಅಲ್ವಾ? ನನ್ನ ಪ್ರಕಾರ ಇಡೀ ಲ್ಯಾಬಿನಲ್ಲಿ ಅತಿ ಮುಖ್ಯ ಸಲಕರಣೆ ಆ ಮನುಷ್ಯನೇ. ಆದರೆ ಅವನ ಸಂಬಳದ ಮೇಲೆ ದಾನಿ ತನ್ನ ಹೆಸರಿನ ಫಲಕ ಹಾಕಿಸಿಕೊಳ್ಳೋಕೆ ಆಗಲ್ಲ.

ಫಲಕ ಬೇಡ ಅನ್ನುವ ದಾನಿಗಳೂ ಇದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ಕಟ್ಟಡ 1963ರದ್ದು. 1969ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಅದನ್ನು ಮತ್ತೆ ಸರಿಪಡಿಸಲು ಅಲ್ಲಿನ ಹಳೆಯ ವಿದ್ಯಾರ್ಥಿ ಸಿಡ್ ಬಾಸ್ 2 ಕೋಟಿ ಡಾಲರ್ ಕೊಟ್ಟರು. ಕೆಲಸ 2008ರಲ್ಲಿ ಮುಗಿಯಿತು. ಕಟ್ಟಡಕ್ಕೆ ಬಂದದ್ದು ಮಾತ್ರ ಅದನ್ನು ವಿನ್ಯಾಸ ಮಾಡಿದ ಪಾಲ್ ರುಡಾಲ್ಫ್ ಅವರ ಹೆಸರು. ಆದರೂ ಅದು ಕಟ್ಟಡದ ಹಣವೇ.

ವರ್ಷವರ್ಷದ ಹಣಕ್ಕೆ ಹಳೆಯ ದಾರಿ ಮೂಲನಿಧಿ. ಅಸಲು ಮುಟ್ಟದೆ ಹೂಡಿಟ್ಟು, ವರ್ಷಕ್ಕೆ ಸುಮಾರು ಶೇ. 4ರಿಂದ 5ರಷ್ಟು ಮಾತ್ರ ಖರ್ಚು ಮಾಡುತ್ತಾರೆ. ಅಂದರೆ ಒಬ್ಬ ಟೆಕ್ನಿಷಿಯನ್‌ನ ಸಂಬಳ ಶಾಶ್ವತವಾಗಿ ಹುಟ್ಟಬೇಕಾದರೆ ಅದರ 20ರಿಂದ 25 ಪಟ್ಟು ಹಣ ಮೊದಲೇ ಬೇಕು. ವಿಭಾಗಗಳು ಸುಲಭಕ್ಕೆ ಶುಲ್ಕದ ಕಡೆ ತಿರುಗುವುದು ಇದಕ್ಕೇ.

ಸ್ವಂತ ಗಳಿಕೆಯೂ ಒಂದು ದಾರಿ. ಜರ್ಮನಿಯಲ್ಲಿ ಕಲೆ, ವಿನ್ಯಾಸ ಕಲಿಸುತ್ತಿದ್ದ ಬೌಹೌಸ್ ಶಾಲೆಗೆ 1924ರಲ್ಲಿ ಸರ್ಕಾರಿ ಅನುದಾನ ಅರ್ಧಕ್ಕೆ ಇಳಿಯಿತು. ಮರುವರ್ಷ ಅದು ವೈಮಾರ್ ನಗರ ಬಿಟ್ಟು ಡೆಸೌ ನಗರಕ್ಕೆ ಹೋಯಿತು. ಮುಂದೆ ಅದಕ್ಕೆ ಒಳ್ಳೆ ದುಡ್ಡು ತಂದದ್ದು ಕುರ್ಚಿಯಲ್ಲ, ದೀಪವಲ್ಲ, ಗೋಡೆಗೆ ಅಂಟಿಸುವ ವಾಲ್‌ಪೇಪರ್! ಆದರೆ ಎಲ್ಲ ಶಾಲೆಗೂ ಇಂಥ ಅದೃಷ್ಟ ಒಲಿಯುವುದಿಲ್ಲ.

ಹಾಗಂತ ಕೇಳಿದ ಶುಲ್ಕವನ್ನೆಲ್ಲ ಸುಮ್ನೆ ಕಟ್ಟಬೇಕಿಲ್ಲ. ಬಳಸಿದ ಹಾಳೆಗೆ, ತ್ರೀಡಿ ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಎಳೆಗೆ (ಫಿಲಮೆಂಟ್) ದುಡ್ಡು ಕೇಳುವುದು ನ್ಯಾಯ. ಯಂತ್ರದ ಪ್ರತಿ ನಿಮಿಷಕ್ಕೂ ದರ ಹಾಕಿದರೆ, ಕೈಯಲ್ಲಿ ಕಾಸಿಲ್ಲದವರು ಕಡಿಮೆ ಮಾಡೆಲ್ ಮಾಡುತ್ತಾರೆ, ಅಂದರೆ ಕಡಿಮೆ ಕಲಿಯುತ್ತಾರೆ. ಹಾಗಾಗಿ ನಿಮ್ಮ ವಿಭಾಗವನ್ನು ಕೇಳಿ: ದಾನದ ಕರಾರಿನಲ್ಲಿ ನಿರ್ವಹಣೆಗೆ ಪಾಲು ಇತ್ತೇ? ಯಂತ್ರ ಹಳೆಯದಾದಾಗ ಬದಲಿಸಲು ಹಣ ತೆಗೆದಿಡುತ್ತಿದ್ದಾರೆಯೇ? ಇಲ್ಲದಿದ್ದರೆ ಮುಂದಿನ ದಾನದ ಕರಾರಿಗೆ ಸಹಿ ಬೀಳುವ ಮೊದಲು ಅದನ್ನು ಸೇರಿಸಲು ಹೇಳಿ.