ಒಂದು ಮಟ್ಟುಗುಳ್ಳಕ್ಕೆ ಉಡುಪಿಯವರೆಗೆ: ಹಳೆ ಕಂಪ್ಯೂಟರ್ ತೆವಳುವುದೇಕೆ?

ಕಂಪ್ಯೂಟರ್ ಚಾಲೂ ಆಗುತ್ತಿದ್ದಂತೆ ಮೌಸಿನ ಬಲಗುಂಡಿ ಒತ್ತಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್. ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ, ಡೊಂಬಿವಲಿಯ ಸಂಘದ ಕಚೇರಿಯಲ್ಲಿ, ಪುಣೆಯ ಡಿಟಿಪಿ ಅಂಗಡಿಯಲ್ಲಿ, ವಾಸ್ಕೋದ ಟ್ರಾವೆಲ್ಸ್ ಆಫೀಸಿನಲ್ಲಿ, ಎಲ್ಲ ಕಡೆ ಈ ಆಚಾರ ನಡೆದೇ ಇದೆ. ಆ ಆಜ್ಞೆ ಮಾಡುವ ಕೆಲಸ ಇಷ್ಟೇ: ಡೆಸ್ಕ್‌ಟಾಪ್ ಎಂಬ ಫೋಲ್ಡರಿನ ಪಟ್ಟಿಯನ್ನು ಇನ್ನೊಮ್ಮೆ ಓದಿ ಐಕಾನುಗಳನ್ನು ಮತ್ತೆ ಬಿಡಿಸುತ್ತದೆ. ಮೆಮೊರಿ ಒಂದು ಬೈಟ್‌ನಷ್ಟೂ ತೆರವಾಗುವುದಿಲ್ಲ. ನಿಧಾನವಾಗಿರುವ ಯಂತ್ರಕ್ಕೆ ಇನ್ನೊಂದು ಕೆಲಸ ಕೊಟ್ಟಂತಾಯಿತು, ಅಷ್ಟೆ.

ಈ ಹಳೆಯ ಪೆಟ್ಟಿಗೆಗಳನ್ನು ಜನ ಸುಮ್ಮನೆ ಇಟ್ಟುಕೊಂಡಿಲ್ಲ. ಇಪ್ಪತ್ತು ವರ್ಷದ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿಗಳು ನುಡಿಯಲ್ಲೋ ಪುಣೆಯಲ್ಲೇ ಹುಟ್ಟಿದ ಶ್ರೀಲಿಪಿಯಲ್ಲೋ ಪೇಜ್‌ಮೇಕರ್ ಕಡತಗಳಾಗಿ ಕೂತಿವೆ. ಕೆಲವು ತಂತ್ರಾಂಶಗಳಿಗೆ ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್, ಅಂದರೆ ಪರವಾನಗಿಯ ಕೀಲಿ, ಬೇಕು. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ಅವನ್ನು ಚುರುಕಾಗಿಡುವುದು ಅಗತ್ಯದ ಕೆಲಸ.

‘ಹಳತಾಯಿತು, ಅದಕ್ಕೇ ನಿಧಾನ’ ಎಂಬ ಮಾತನ್ನು ಮೊದಲು ಬಿಡಬೇಕು. 2.93 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ ಪ್ರೊಸೆಸರ್ ಕೊಂಡ ದಿನ ಸೆಕೆಂಡಿಗೆ 293 ಕೋಟಿ ಸಲ ಮಿಡಿಯುತ್ತಿತ್ತು, ಇವತ್ತೂ ಅಷ್ಟೇ ಮಿಡಿಯುತ್ತದೆ. ಸಿಲಿಕಾನಿಗೆ ಮಂಡಿನೋವು ಬರುವುದಿಲ್ಲ. ಬೆಳೆದದ್ದು ಹೊರೆ. ಬ್ರೌಸರ್, ಆಂಟಿವೈರಸ್, ತಾವಾಗಿ ಏಳುವ ಅಪ್‌ಡೇಟರುಗಳು ಕೇಳುವ ಜಾಗ ಕೆಲಸದ ಹೊತ್ತಿನ ಮೆಮೊರಿಯಾದ 2 ಜಿಬಿ ರ‍್ಯಾಮ್ ದಾಟಿತು. ದಾಟಿದ ಗಳಿಗೆಯಿಂದ, ಹಿಡಿಸದ್ದನ್ನು ಡಿಸ್ಕಿನಲ್ಲಿ ಇಟ್ಟು ತರಬೇಕಾಗಿ, ಯಂತ್ರ ಹಾರ್ಡ್ ಡಿಸ್ಕಿನ ವೇಗಕ್ಕೆ ಇಳಿಯುತ್ತದೆ.

ಆ ವೇಗ ಎಷ್ಟೆಂದು ಲೆಕ್ಕ ಹಾಕೋಣ. ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 8–9 ಮಿಲಿಸೆಕೆಂಡ್. ಒಟ್ಟು ಸುಮಾರು 13. ರ‍್ಯಾಮಿನಿಂದ ಅದೇ ಮಾಹಿತಿ ತರಲು 100 ನ್ಯಾನೊಸೆಕೆಂಡ್ ಸಾಕು. ಇವೆರಡರ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು ಅಂತರ.

ಈ ಅಂತರವನ್ನು ಅಡುಗೆಮನೆಗೆ ತರೋಣ. ಉಡುಪಿ ಹೋಟೆಲಿನ ಭಟ್ಟರ ಮುಂದಿನ ಕಟ್ಟೆಯೇ ರ‍್ಯಾಮ್. ಅದರ ಮೇಲಿದ್ದದ್ದನ್ನು ಎತ್ತಿಕೊಳ್ಳಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಅದೇ ಅಳತೆಯಲ್ಲಿ ಹಾರ್ಡ್ ಡಿಸ್ಕಿನಿಂದ ತರಲು 36 ಗಂಟೆ ಬೇಕು. ಭಟ್ಟರು ಒಲೆ ಉರಿಯುತ್ತಿರುವಾಗಲೇ ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೆ ಹೋಗಿ, ಒಂದೇ ಒಂದು ಮಟ್ಟುಗುಳ್ಳ (ಮಟ್ಟು ಊರಿನ ಬದನೆ) ಕೊಂಡು ಮುಂಬಯಿಗೆ ವಾಪಸಾದಂತೆ. ಮುಂದಿನ ಗುಳ್ಳಕ್ಕೆ ಮತ್ತೆ ರೈಲು. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ಡಿಸ್ಕ್) ಹಾಕಿದರೆ ಅದೇ ಕೆಲಸ 17 ನಿಮಿಷದ್ದು, ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಬಂದಂತೆ.

ಈಗ ಕಟ್ಟೆ ಚಿಕ್ಕದು, ಅಡುಗೆ ನಾಲ್ಕು ಬಗೆಯದು ಅನ್ನಿ. ಗುಳ್ಳ ಇಡಲು ಜಾಗವಿಲ್ಲವೆಂದು ಕೊತ್ತಂಬರಿಯನ್ನು ಉಡುಪಿಗೆ ಕಳಿಸಿದರು. ಮರುಕ್ಷಣ ಚಟ್ನಿಗೆ ಕೊತ್ತಂಬರಿ ಬೇಕಾಯಿತು. ಅದನ್ನು ತರಿಸಲು ತೆಂಗಿನಕಾಯಿಯನ್ನು ಕಳಿಸಿದರು. ಹೀಗೆ ಎಲ್ಲರೂ ರೈಲಿನಲ್ಲೇ, ಅಡುಗೆ ಮಾಡುವವರಿಲ್ಲ. ಕಂಪ್ಯೂಟರ್ ಶಾಸ್ತ್ರದಲ್ಲಿ ಇದರ ಹೆಸರು ಥ್ರ್ಯಾಶಿಂಗ್. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬಳಕೆ ಬರೀ 10 ಶೇಕಡಾ ತೋರುತ್ತಿದ್ದರೂ ಪರದೆ ಅಲ್ಲಾಡದೆ ನಿಲ್ಲುವುದು ಇದರಿಂದಲೇ. ಪ್ರೊಸೆಸರಿಗೆ ಕೆಲಸ ಇದೆ, ಸಾಮಾನು ಇಲ್ಲ.

ಮೆಮೊರಿ ಸಾಲದಿದ್ದಾಗ ಡಿಸ್ಕನ್ನೇ ಅದರ ಭಾಗವೆಂದು ನಂಬಿಸುವ ಜಾಣ್ಮೆ ಮ್ಯಾಂಚೆಸ್ಟರಿನದು. ಅಲ್ಲಿ 1962ರಲ್ಲಿ ಉದ್ಘಾಟನೆಯಾದ ಆಟ್ಲಾಸ್ ಯಂತ್ರದಲ್ಲಿ ಕೋರ್ ಮೆಮೊರಿ 16 ಸಾವಿರ ಪದಗಳದ್ದು (ಒಮ್ಮೆಗೆ ಎತ್ತುವ ಬಿಟ್ಟುಗಳ ಕಟ್ಟಿಗೆ ಪದ ಎನ್ನುತ್ತಾರೆ), ತಿರುಗುವ ಡ್ರಮ್ 96 ಸಾವಿರದ್ದು. ಟಾಮ್ ಕಿಲ್ಬರ್ನ್ ತಂಡ ಎರಡನ್ನೂ ಬೆಸೆದು ಒಂದೇ ಎಂಬಂತೆ ತೋರಿಸಿತು. ಆ ಕಾಲಕ್ಕೆ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ದೇಶದಲ್ಲೇ ಕಟ್ಟಿದ ಟಿಫ್ರಾಕ್ ಓಡುತ್ತಿತ್ತು. 1960ರಲ್ಲಿ ಸಿದ್ಧವಾದ ಅದರ ಮೆಮೊರಿ ತಲಾ 40 ಬಿಟ್‌ನ 2048 ಪದಗಳು, ಇಂದಿನ ಲೆಕ್ಕದಲ್ಲಿ 10 ಕಿಲೋಬೈಟ್. ಅಷ್ಟರಲ್ಲಿ ವಿಜ್ಞಾನಿಗಳು ನಿಜವಾದ ಲೆಕ್ಕಗಳನ್ನು ಬಿಡಿಸಿದರು! 1968ರಲ್ಲಿ ಪೀಟರ್ ಡೆನಿಂಗ್ ಥ್ರ್ಯಾಶಿಂಗಿನ ಮೂಲ ಹಿಡಿದರು: ಪ್ರತಿಯೊಂದು ಪ್ರೋಗ್ರಾಮಿಗೂ ಆ ಹೊತ್ತಿಗೆ ಬೇಕೇಬೇಕಾದ ಪುಟಗಳ (ಮೆಮೊರಿಯ ತುಂಡುಗಳ) ಒಂದು ಗುಂಪಿದೆ, ಅದಕ್ಕೆ ಮೆಮೊರಿಯಲ್ಲಿ ಜಾಗ ಸಿಗದಿದ್ದರೆ ಕೆಲಸ ಕುಸಿಯುತ್ತದೆ. ಆ ಗುಂಪಿಗೆ ಅವರಿಟ್ಟ ಹೆಸರು ವರ್ಕಿಂಗ್ ಸೆಟ್. ವಿಂಡೋಸ್ 7ರ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಟ್ಯಾಬಿಗೆ ಹೋಗಿ, ಅದೇ ಹೆಸರಿನ ಕಾಲಂ ಅಲ್ಲಿದೆ.

ಅದೇ ಟ್ಯಾಬಿನಲ್ಲಿ ಸೆಕೆಂಡಿಗೆ ಎಷ್ಟು ಹಾರ್ಡ್ ಫಾಲ್ಟ್ ಎಂಬ ಸಂಖ್ಯೆಯೂ ಇದೆ; ಉಡುಪಿಗೆ ಓಡಿದ ಸರದಿಗಳ ಲೆಕ್ಕ ಅದು. ಪ್ರೋಗ್ರಾಮ್ ತೆರೆಯುವಾಗ ಅದು ಏರಿ ಇಳಿಯುವುದು ಸಹಜ. ದಿನನಿತ್ಯದ ಕೆಲಸದ ನಡುವೆ ನಿಮಿಷಗಟ್ಟಲೆ ನೂರಾರರಲ್ಲೇ ನಿಂತರೆ ರ‍್ಯಾಮ್ ಸಾಲದು ಎಂದರ್ಥ. ಸಂಖ್ಯೆ ಸೊನ್ನೆಯ ಹತ್ತಿರವಿದ್ದೂ ಡಿಸ್ಕಿನ ದೀಪ ಆರದಿದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರುಗಳು (ಕೆಟ್ಟು ಬದಲಿಸಿದ ಅಥವಾ ಕೆಟ್ಟಿರುವ ಅನುಮಾನದ ತುಣುಕುಗಳು) ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ವೇಗದ ಮಾತು ಬಿಟ್ಟು ಅಂದೇ ಕಡತಗಳನ್ನು ನಕಲಿಸಿಕೊಳ್ಳಬೇಕು.

ಹೆಚ್ಚಿನ ಮೆಮೊರಿ ಕೊಳ್ಳಲು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಮೊದಲು ಎರಡು ಸಂಗತಿ ಖಚಿತ ಮಾಡಿಕೊಳ್ಳಿ. ವಿಂಡೋಸ್ 32 ಬಿಟ್ ಆಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿ ಉಪಯೋಗವಿಲ್ಲ. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳೇ 429 ಕೋಟಿ ಚಿಲ್ಲರೆ, ಅದರಲ್ಲೂ ಗ್ರಾಫಿಕ್ಸ್ ಮುಂತಾದ ಸಾಧನಗಳು ಪಾಲು ಕೇಳುವುದರಿಂದ ಕೈಗೆ ಸಿಗುವುದು 3ರಿಂದ 3.5 ಜಿಬಿ. ಎರಡನೆಯದು ಮೆಮೊರಿ ಕಡ್ಡಿಯ ಜಾತಿ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ, ಆದರೆ ಕಚ್ಚು ಇರುವ ಜಾಗ ಬೇರೆ. ಒತ್ತಿ ಕೂರಿಸಿದರೆ ಸ್ಲಾಟ್ ಒಡೆಯುತ್ತದೆ. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿರುವ ಜಿ41 ಚಿಪ್‌ಸೆಟ್ಟಿಗೆ 4 ಜಿಬಿಯ ಡಿಡಿಆರ್3 ಕೊಳ್ಳುವಾಗ ಎರಡೂ ಬದಿ ಸೇರಿ 16 ಚಿಪ್ ಇರುವುದನ್ನೇ ಕೇಳಿ. ಎಂಟೇ ಚಿಪ್ಪಿನ ಹೊಸ ಕಡ್ಡಿಯ ದಟ್ಟಣೆ ಅದಕ್ಕೆ ತಿಳಿಯದು, ಪರದೆಯೇ ಬರುವುದಿಲ್ಲ. ಅಂಗಡಿಯವರು ‘ಕಡ್ಡಿ ಹಾಳಾಗಿದೆ’ ಎಂದು ಬದಲಿಸಿ ಕೊಟ್ಟರೂ ಕತೆ ಅದೇ.

ರ‍್ಯಾಮಿಗಿಂತ ದೊಡ್ಡ ಲಾಭ ಎಸ್‌ಎಸ್‌ಡಿಯಿಂದ. ಹಳೆ ಸಾಟಾ ಪೋರ್ಟ್ ಅದರ ಪೂರ್ತಿ ವೇಗ ಕೊಡದು ಎಂಬ ಅಂಜಿಕೆ ಬೇಡ. ನಮಗೆ ಬೇಕಾದದ್ದು 13 ಮಿಲಿಸೆಕೆಂಡಿನ ಕಾಯುವಿಕೆ 0.1ಕ್ಕೆ ಇಳಿಯುವುದು, ಅದು ಹಳೆ ಪೋರ್ಟಿನಲ್ಲೂ ಸಿಗುತ್ತದೆ. ಎಡವುವುದು ಕಂಪ್ಯೂಟರ್ ಚಾಲೂ ಆಗುವಾಗಿನ ಮೂಲ ಸೆಟ್ಟಿಂಗಾದ ಬಯೋಸ್‌ನಲ್ಲಿ. ಅಲ್ಲಿ ಡಿಸ್ಕಿನೊಡನೆ ಮಾತಾಡುವ ರೀತಿ ಐಡಿಇ (ಹಳೆಯದು) ಎಂದಿರುವುದನ್ನು ನೇರ ಹೊಸದಾದ ಎಎಚ್‌ಸಿಐ ಮಾಡಿದರೆ ವಿಂಡೋಸ್ 7 ನೀಲಿ ಪರದೆ ತೋರಿ 7ಬಿ ಎಂಬ ದೋಷಸಂಖ್ಯೆಯೊಂದಿಗೆ ನಿಲ್ಲುತ್ತದೆ. ಮೊದಲು ರಿಜಿಸ್ಟ್ರಿಯ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್ ದಾರಿಯಲ್ಲಿ ಎಂಎಸ್‌ಎಎಚ್‌ಸಿಐ ಹುಡುಕಿ, ಸ್ಟಾರ್ಟ್ ಮೌಲ್ಯವನ್ನು 0 ಮಾಡಿ, ಆಮೇಲೆ ಬಯೋಸ್ ಬದಲಿಸಿ.

ಎಕ್ಸ್‌ಪಿಯ ಕತೆ ಬೇರೆ. ಅದು ಡಿಸ್ಕಿನ ವಿಭಾಗವನ್ನು (ಪಾರ್ಟಿಷನ್) 63ನೇ ಸೆಕ್ಟರಿನಿಂದ ಶುರು ಮಾಡುವುದರಿಂದ ಎಸ್‌ಎಸ್‌ಡಿಯ ಮನೆಗಳಿಗೆ ಹೊಂದದೆ ಒಂದೊಂದು ಬರಹವೂ ಎರಡು ಮನೆಗಳ ಮೇಲೆ ಬೀಳುತ್ತದೆ. ಅಳಿಸಿದ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸುವ ಟ್ರಿಮ್ ಸೌಲಭ್ಯವೂ ಇಲ್ಲ. ಇನ್ನೊಂದು ಮೋಸ ಯಾರ ಕಣ್ಣಿಗೂ ಬೀಳದು. ಕೇಬಲ್ ಸಡಿಲವಾಗಿ ಓದಿನಲ್ಲಿ ಆರು ಸಲ ತಪ್ಪಾದರೆ ಎಕ್ಸ್‌ಪಿ ಡಿಸ್ಕನ್ನು ವೇಗದಲ್ಲಿ ಒಂದು ಮೆಟ್ಟಿಲು ಕೆಳಗಿಳಿಸುತ್ತದೆ. ಹೀಗೇ ಇಳಿದು ಕೊನೆಗೆ ಪಿಐಒ ಸ್ಥಿತಿಗೆ ಬಂದು, ಬೈಟ್‌ಗಳನ್ನು ಪ್ರೊಸೆಸರೇ ಕೈಯಾರೆ ಹೊರಬೇಕಾಗುತ್ತದೆ. ಕೇಬಲ್ ಬದಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಮರುಚಾಲೂ ಮಾಡಿದರೆ ವೇಗ ಮರಳುತ್ತದೆ.

ಮೆಮೊರಿ ಬೂಸ್ಟರ್ ಎಂಬ ಪ್ರೋಗ್ರಾಮುಗಳು ಮಾಡುವುದು ಕಟ್ಟೆಯ ಮೇಲಿದ್ದದ್ದನ್ನೆಲ್ಲ ಗುಡಿಸಿ ಉಡುಪಿಗೆ ಕಳಿಸುವ ಕೆಲಸ. ಕಟ್ಟೆ ಸ್ವಚ್ಛವಾಗಿ ಕಾಣುತ್ತದೆ, ಮುಂದಿನ ಗಳಿಗೆ ಎಲ್ಲವನ್ನೂ ಮತ್ತೆ ತರಿಸಬೇಕು. ಪ್ರಿಫೆಚ್ ಫೋಲ್ಡರ್ ಅಳಿಸುವುದು ಇನ್ನೂ ಕೆಟ್ಟ ಸಲಹೆ. ಯಾವ ಪ್ರೋಗ್ರಾಮಿಗೆ ಯಾವ ಸಾಮಾನು ಬೇಕು ಎಂದು ವಿಂಡೋಸ್ ಬರೆದಿಟ್ಟುಕೊಂಡ ಚೀಟಿಗಳು ಅಲ್ಲಿವೆ. ಚೀಟಿ ಇದ್ದರೆ ಒಂದೇ ಪ್ರಯಾಣದಲ್ಲಿ ಮೂಟೆ ಕಟ್ಟಿ ತರಬಹುದು. ಹಾರ್ಡ್ ಡಿಸ್ಕನ್ನು ಡಿಫ್ರಾಗ್ ಮಾಡುವುದರ ಅರ್ಥವೂ ಇದೇ, ಒಂದು ಅಡುಗೆಯ ಸಾಮಾನೆಲ್ಲ ಒಂದೇ ಅಂಗಡಿಯಲ್ಲಿ ಸಿಗುವಂತೆ ಜೋಡಿಸುವುದು. ಎಸ್‌ಎಸ್‌ಡಿಗೆ ಅದು ಬೇಡ, ಸುಮ್ಮನೆ ಸವೆಯುತ್ತದೆ. ಮೆಮೊರಿಯಲ್ಲಿ ಹಿಡಿಸದ್ದನ್ನು ಡಿಸ್ಕಿನಲ್ಲಿ ಇಡುವ ಪೇಜ್ ಫೈಲ್ ತೆಗೆದುಹಾಕುವುದೂ ಸಲ್ಲ: ಜಾಗ ಮುಗಿದಾಗ ನಿಧಾನವಾಗುವ ಬದಲು ಪ್ರೋಗ್ರಾಮ್ ಬಿದ್ದೇ ಹೋಗುತ್ತದೆ.

ನಮ್ಮ ಕರಾವಳಿಯ ಹವೆಯನ್ನು ಮರೆಯುವಂತಿಲ್ಲ. ಮಳೆಗಾಲದ ತೇವದಲ್ಲಿ ಧೂಳು ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ, ಬಿಸಿಯೇರಿದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ಹಿಡಿದುಕೊಂಡು ಬ್ರಷ್ಷಿನಿಂದ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿ ಕಾಳಿಗಿಂತ ಚಿಕ್ಕ ಹನಿ ಹೊಸದು ಹಾಕಿ. ಆಯುಧಪೂಜೆಯ ಕುಂಕುಮ ಪೆಟ್ಟಿಗೆಯ ನೆತ್ತಿಗಿರಲಿ, ಮುಂದಿನ ಗಾಳಿಕಿಂಡಿಗೆ ಬೇಡ.

ವಿಂಡೋಸ್ 7ಕ್ಕೆ ಭದ್ರತಾ ತೇಪೆಗಳು 2020ರ ಜನವರಿ 14ಕ್ಕೆ ನಿಂತವು, ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ. ಬ್ಯಾಂಕಿನ ಕೆಲಸ ಅವುಗಳಲ್ಲಿ ಬೇಡ. ಇಂಟರ್ನೆಟ್ಟಿಗಷ್ಟೇ ಬಳಸುವ ಪೆಟ್ಟಿಗೆಗೆ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಹಾಕಬಹುದು. ಡಾಂಗಲ್ ನಂಬಿದ ಡಿಟಿಪಿ ಯಂತ್ರವಾದರೆ ನೆಟ್‌ವರ್ಕ್ ಕೇಬಲ್ ಕಿತ್ತಿಡಿ. ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ವೈರಸ್ ತಪಾಸಣೆ ಮಾಡಿಯೇ ಚುಚ್ಚಿ. ಇಡೀ ಡಿಸ್ಕಿನ ಒಂದು ನಕಲನ್ನು ಇನ್ನೊಂದು ಡಿಸ್ಕಿಗೆ ತೆಗೆದು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಜೋಡಿಸಿ ಕಡತಗಳು ತೆರೆಯುತ್ತವೆಯೇ ನೋಡಿ.